ನನ್ನೊಬ್ಬಳಿಗೇ ಒಗ್ಗಿದ ನದಿ

ಭಾನುವಾರ, ಫೆಬ್ರವರಿ ೧೬

ಪ್ರೀತಿಯ ಅಕ್ಕನಿಗೆ,

ನಿನ್ನ ಮೊಂಡಿ ಮಾಡುವ ನಮಸ್ಕಾರ. ನೀನು, ಭಾವ, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಫೋನು ಬಂದಾಗಲೆಲ್ಲ ಕೈ ಬಿಡುವಿಲ್ಲ ಅಂದೆ. ಬಿಡುವೇನೋ ಬೇಕಾದಷ್ಟಿತ್ತು. ಬಾಯಿ ಬಿಟ್ಟರೆ ಅಳು ಬರುತ್ತದೆ, ನೀನು ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿ ಬಂದುಬಿಡುತ್ತೀಯ ಎಂದು ಹೆದರಿ ಸುಮ್ಮನಿದ್ದೆ. ಕಾಗದದಲ್ಲಾದರೆ ಅತ್ತರೂ ನಿನಗೆ ಕೇಳಿಸುವುದಿಲ್ಲ. ಪೂರ್ತಿ ಓದಿದ ಮೇಲೆ ಎಷ್ಟು ಬೇಕಾದರೂ ಬೈ.

ನದಿ ಆಯ್ಕೆಯಾಗಲಿಲ್ಲ.

ಅಡುಗೆಮನೆ ಕಪಾಟುಗಳ ನಕ್ಷೆ ಬರೆಯುವ ಕೆಲಸ ಬಿಟ್ಟು ಮೂರು ವರ್ಷದಿಂದ ಈ ಒಂದೇ ನದಿಯ ಬೆನ್ನು ಹತ್ತಿದ್ದೆನಲ್ಲ. ವರ್ಚುವಲ್ ರಿಯಾಲಿಟಿ ಎಂದರೆ ಏನೆಂದು ಕೇಳಿದವರಿಗೆಲ್ಲ ವಿವರಿಸಿ ನನ್ನ ನಾಲಿಗೆ ಸವೆದಿತ್ತು: ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು, ಕೈಗೊಂದು ಹಿಡಿ ಹಿಡಿದು, ಕುರ್ಚಿಯಲ್ಲಿ ಕೂತಲ್ಲೇ ದೋಣಿ ನಡೆಸುವುದು. ಬೆನ್ನಿಗೆ ಕಂಪನಿಯಿಲ್ಲ, ಜೊತೆಗಾರರಿಲ್ಲ. ನೀರು, ಬೆಳಕು, ಹುಟ್ಟಿನ ಸದ್ದು, ಎಲ್ಲ ನಾನೊಬ್ಬಳೇ ಮಾಡಿದ್ದು. ಮಂಚವನ್ನು ಗೋಡೆಗೆ ಒತ್ತಿ ಉಳಿದ ಜಾಗವೇ ನನ್ನ ಕಾರ್ಖಾನೆ. ಹುಟ್ಟು ಹಾಕುವ ಭರದಲ್ಲಿ ಬೀರುವಿಗೆ ಕೈ ಬಡಿದು ಬೆರಳ ಗೆಣ್ಣುಗಳು ಸದಾ ಊದಿಕೊಂಡಿರುತ್ತಿದ್ದವು. ಹೆಡ್‌ಸೆಟ್ ಮಾಡುವವರು ಅದರೊಳಗಿನ ತಂತ್ರಾಂಶ ಬದಲಿಸಿದಾಗಲೆಲ್ಲ ನಿನ್ನೆ ಹರಿಯುತ್ತಿದ್ದ ನೀರು ಇವತ್ತು ಗಾಜಿನಂತೆ ನಿಂತುಬಿಡುತ್ತಿತ್ತು. ಮತ್ತೆ ಮೊದಲಿನಿಂದ ಶುರು. ಅದಕ್ಕೂ ಬೇಸರಪಟ್ಟವಳಲ್ಲ ನಾನು.

ನನಗೆ ಹೆಚ್ಚು ಹೆಮ್ಮೆಯಿದ್ದದ್ದು ದೋಣಿಯ ತೂಗಾಟದ ಬಗ್ಗೆ. ಹುಟ್ಟು ಎಳೆದರೆ ಅದು ಪಕ್ಕಕ್ಕೆ ವಾಲಬೇಕು, ಅಲೆ ಬಂದರೆ ಮೂತಿ ಎತ್ತಬೇಕು, ಸೆಳವಿನಲ್ಲಿ ಸ್ವಲ್ಪ ತಿರುಗಬೇಕು. ಇದಕ್ಕೇ ಒಂದು ವರ್ಷ ಸುರಿದೆ. ದಿನವಿಡೀ ಅದರಲ್ಲಿ ಕೂತರೂ ನನಗೆ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ.

ಸ್ವಂತವಾಗಿ ಇಂಥವನ್ನು ಮಾಡುವವರನ್ನೆಲ್ಲ ಮಾರಾಟಕ್ಕೆ ತಕ್ಕದ್ದನ್ನು ಆರಿಸಲೆಂದು ಹೆಡ್‌ಸೆಟ್ ಕಂಪನಿಯವರು ಒಂದು ದೊಡ್ಡ ಸಭಾಂಗಣದಲ್ಲಿ ಸೇರಿಸಿ, ಮೇಜಿಗೊಬ್ಬರನ್ನು ಕೂರಿಸಿದ್ದರು. ಆಯ್ಕೆ ಮಾಡುವಾಕೆ ನನಗಿಂತ ಚಿಕ್ಕವಳು, ಒಳ್ಳೆಯ ಹುಡುಗಿ. ನಗುನಗುತ್ತಲೇ ಹೆಡ್‌ಸೆಟ್ ಕಟ್ಟಿಕೊಂಡಳು. ಮೊದಲ ತಿರುವು ಬರುವಷ್ಟರಲ್ಲಿ ಹಿಡಿಗಳನ್ನು ಬಿಟ್ಟು ಮೇಜಿನ ಅಂಚು ಹಿಡಿದಳು. ಎರಡನೇ ತಿರುವಿನಲ್ಲಿ ಹೆಡ್‌ಸೆಟ್ ಕಿತ್ತು ನನ್ನ ಕೈಗಿಟ್ಟು ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ, ನದಿ ಸುಂದರವಾಗಿದೆ, ಆದರೆ ಇದನ್ನು ಯಾರ ತಲೆಗೂ ಕಟ್ಟುವ ಧೈರ್ಯ ನಮಗಿಲ್ಲ ಅಂದಳು. ಅವಳ ಹಿಂದೆ ಬಂದವರದ್ದೂ ಅದೇ ಗತಿ. ಸಂಜೆಯ ಹೊತ್ತಿಗೆ ಯಾರೋ ಪುಣ್ಯಾತ್ಮರು ನನ್ನ ಮೇಜಿನ ಪಕ್ಕ ಒಂದು ಬಕೆಟ್ ತಂದಿಟ್ಟಿದ್ದರು.

ಪಕ್ಕದ ಮೇಜಿನವನು ತಲೆಯ ಮೇಲಿನ ಟೋಪಿಯನ್ನು ಊಟಕ್ಕೂ ತೆಗೆಯದ ಪ್ರಾಣಿ. ಕೂತಲ್ಲೇ ಬಿಡಿಸುವ ಬೀಗದ ಒಗಟುಗಳನ್ನು ಮಾಡಿದ್ದಾನೆ. ಅವನೇ ನನ್ನನ್ನು ಕೂರಿಸಿ ತಿಳಿಹೇಳಿದ. ಕಣ್ಣು ನಾವು ಹೋಗುತ್ತಿದ್ದೇವೆ ಅನ್ನುತ್ತದಂತೆ, ಮೈ ಇಲ್ಲ, ಕೂತೇ ಇದ್ದೇವೆ ಅನ್ನುತ್ತದಂತೆ, ಇವೆರಡರ ಜಗಳದಲ್ಲಿ ಪೆಟ್ಟು ಬೀಳುವುದು ಹೊಟ್ಟೆಗೆ. ನಿತ್ಯ ಅದರಲ್ಲೇ ಬಿದ್ದಿರುವವರಿಗೆ ಮಾತ್ರ ಒಗ್ಗಿಹೋಗಿರುತ್ತದೆ.

"ನಿಮ್ಮ ಹೊಟ್ಟೆ ಪಳಗಿಬಿಟ್ಟಿದೆ ಮೇಡಂ. ಮಾಡಿದವರ ಹೊಟ್ಟೆ ನಂಬೋ ಹಾಗಿಲ್ಲ. ಹೊಸ ಹೊಟ್ಟೆ ಹುಡುಕಬೇಕು. ಇಷ್ಟು ದಿನ ಯಾರಿಗೆ ತೋರಿಸ್ತಿದ್ರಿ?"

ನಮ್ಮ ಮನೆಯವರಿಗೆ, ಅಂದೆ. ಅವನು ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡು ತನ್ನ ಬೀಗಗಳತ್ತ ತಿರುಗಿದ.

ಮನೆಗೆ ಬಂದವಳೇ ಹೊಸ ಹೊಟ್ಟೆಗಳ ಬೇಟೆಗೆ ಹೊರಟೆ. ತೂಗಾಟ ತೆಗೆದೆ. ಮೇಲಿನ ಮನೆಯ ಟೈಲರಮ್ಮ ಬಂದು ಕೂತರು, ಬೆವರುತ್ತ ಎದ್ದರು. ನೋಟದ ಸುತ್ತ ಕತ್ತಲು ತುಂಬಿ ನಡುವೆ ಮಾತ್ರ ನದಿ ಉಳಿಸಿದೆ. ಎದುರಿನ ಅಂಗಡಿಯವರು ಕೊಳವೆಯಲ್ಲಿ ಇಣುಕಿದ ಹಾಗಿದೆ ಅಂದರು, ಹೇಳಿ ಮುಗಿಸುವ ಮೊದಲೇ ಬಚ್ಚಲಿಗೆ ಓಡಿದರು. ದೋಣಿ ಸಾಗುವುದನ್ನೇ ತೆಗೆದು, ಇಲ್ಲಿ ಕಣ್ಣು ಮಿಟುಕಿಸಿದರೆ ಅಲ್ಲಿ ಇರುವ ಹಾಗೆ ಮಾಡಿದೆ. ಆಗ ಯಾರಿಗೂ ಏನೂ ಆಗಲಿಲ್ಲ. ಆದರೆ ಅದು ದೋಣಿಯೂ ಅಲ್ಲ, ನದಿಯೂ ಅಲ್ಲ, ಗೋಡೆಗೆ ತೂಗುಹಾಕಿದ ಚಿತ್ರಗಳು. ಒಮ್ಮೆ ಹೊಟ್ಟೆ ಕೆಟ್ಟವರು ಎರಡನೇ ಸಲ ಕಟ್ಟಿಕೊಳ್ಳುವ ಮೊದಲೇ ಬೆವರುತ್ತಾರೆ, ಹಾಗಾಗಿ ಅವರಿಂದ ಪ್ರಯೋಜನವಿಲ್ಲ. ಈಗ ಮೆಟ್ಟಿಲಲ್ಲಿ ನನ್ನನ್ನು ಕಂಡರೆ ಟೈಲರಮ್ಮನಿಗೆ ಒಲೆ ಮೇಲಿಟ್ಟ ಹಾಲು ನೆನಪಾಗುತ್ತದೆ.

ಕೊನೆಗೆ ಇವರನ್ನೇ ಕೇಳಿದೆ. ಕೇಳಬಾರದಿತ್ತು. ಮಂಚದ ತುದಿಯಲ್ಲಿ ಕೂತು ಕಾಲುಚೀಲ ಹಾಕಿಕೊಳ್ಳುತ್ತಿದ್ದರು. ಎಲ್ಲರಿಗೂ ಹೀಗಾಗುತ್ತದಲ್ಲ, ನಿಮಗೊಬ್ಬರಿಗೇ ಯಾಕೆ ಆಗಲಿಲ್ಲ ಅಂದೆ. ಒಂದು ಕಾಲುಚೀಲ ಕೈಯಲ್ಲೇ ಉಳಿಯಿತು.

"ಮೊದಲ ದಿನದಿಂದಲೂ ಆಗ್ತಿತ್ತು. ಆಮೇಲಾಮೇಲೆ ಕಟ್ಟಿಕೊಂಡ ಕೂಡಲೇ ಕಣ್ಣು ಮುಚ್ಚಿಬಿಡ್ತಿದ್ದೆ."

"ಮತ್ತೆ ನಗ್ತಿದ್ರಲ್ಲ?"

"ನೀನು ಬಾಗಿಲಲ್ಲಿ ನಿಂತು ನೋಡ್ತಿರ್ತೀಯ ಅಂತ ಗೊತ್ತಿತ್ತಲ್ಲ."

ಹೆಡ್‌ಸೆಟ್ ಕಟ್ಟಿಕೊಂಡವರ ಮುಖದಲ್ಲಿ ನೋಡಲು ಸಿಗುವುದು ಬಾಯಿ ಮಾತ್ರ. ಇವರ ಬಾಯಂಚಿನ ಆ ನಗುವನ್ನೇ ನಂಬಿಕೊಂಡು ನಾನು ನದಿಗೆ ತಿರುವಿನ ಮೇಲೆ ತಿರುವು ಸೇರಿಸಿದೆ. ಜಗಳವಾಡಲೂ ಆಗಲಿಲ್ಲ. ನನಗೆ ನೋವಾಗಬಾರದೆಂದು ಅಷ್ಟು ದಿನ ಕತ್ತಲಲ್ಲಿ ಕೂತಿದ್ದ ಮನುಷ್ಯನ ಮೇಲೆ ಯಾವ ಬಾಯಲ್ಲಿ ಕೂಗಾಡಲಿ? ಈಗ ಊಟ ಚೆನ್ನಾಗಿದೆ ಅಂದರೂ ಅವರ ಬಾಯನ್ನೇ ನೋಡುತ್ತೇನೆ. ಅವರಿಗೂ ಅದು ಗೊತ್ತಾಗಿ ಮಾತೇ ಕಡಿಮೆ ಮಾಡಿದ್ದಾರೆ.

ಕಪಾಟಿನ ಆಫೀಸಿನವರು ಮತ್ತೆ ಕರೆದಿದ್ದಾರೆ. ನಾಳೆ ಉತ್ತರ ಹೇಳಬೇಕು, ಹೂಂ ಅನ್ನುತ್ತೇನೆ. ನದಿಯನ್ನು ಅಳಿಸಿಹಾಕಲು ಮಾತ್ರ ಕೈ ಬರುತ್ತಿಲ್ಲ. ಇವರು ಹೊರಗೆ ಹೋದ ಮೇಲೆ ಒಮ್ಮೊಮ್ಮೆ ಕಟ್ಟಿಕೊಂಡು ಕೂರುತ್ತೇನೆ. ತೂಗಾಟವನ್ನು ಮತ್ತೆ ಹಾಕಿದ್ದೇನೆ. ತಲೆ ಸುತ್ತಲಿ, ಒಮ್ಮೆಯಾದರೂ ನನಗೂ ವಾಂತಿ ಬರಲಿ ಎಂದು ಕಾಯುತ್ತೇನೆ. ಏನೂ ಆಗುವುದಿಲ್ಲ ಅಕ್ಕ, ಸುಖವಾಗಿರುತ್ತದೆ. ಅದಕ್ಕೇ ಅಳು ಬರುತ್ತದೆ.

ಹೊರಟು ಬರಬೇಡ. ಬಂದರೆ ಇವರೆದುರು ಈ ಮಾತು ತೆಗೆಯಬೇಡ. ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಮನಸಾರೆ ಆಶೀರ್ವಾದ. ಓದಿನಲ್ಲಿ ಹೇಗಾದರೂ ಇರಲಿ, ಹೊಟ್ಟೆ ತುಂಬ ಉಂಡು ನಗುತ್ತಿರಲಿ.

ನಿನ್ನ,
ಮೊಂಡಿ

ತಾ. ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಹೋದ ವರ್ಷ ನೀನು ಬಂದಾಗ ನಿನಗೂ ಹೆಡ್‌ಸೆಟ್ ಕಟ್ಟಿದ್ದೆ. ತೆಗೆದು ಕೈಗೆ ಕೊಡುತ್ತ ಏನಂದೆ, ನೆನಪಿದೆಯಾ? "ಆಚೆ ದಡಕ್ಕೆ ಹೋಗಿ ಇಳಿದೆ ಕಣೇ. ಕಲ್ಲಿನ ಮೆಟ್ಟಿಲು, ಮೇಲೊಂದು ದೊಡ್ಡ ಮರ. ಎಷ್ಟು ತಂಪಾಗಿತ್ತು!" ಅಕ್ಕ, ಆಗ ಆ ನದಿಗೆ ಆಚೆ ದಡವೇ ಇರಲಿಲ್ಲ. ನಾನಿನ್ನೂ ಮಾಡಿರಲಿಲ್ಲ. ನೀರು ಮುಗಿದಲ್ಲಿ ಬರೀ ಬಿಳಿ ಇತ್ತು. ಮುಖಕ್ಕೆ ಹೊಡೆದ ಹಾಗೆ ಮಾತಾಡುವ ನೀನೂ ನನಗೆ ಸುಳ್ಳು ಹೇಳಿದ್ದು ಆ ಕ್ಷಣವೇ ಗೊತ್ತಾಯಿತು. ಯಾಕೆ ಅಂತ ಅವತ್ತೇ ಕೇಳಿದ್ದರೆ ನದಿ ಉಳಿಯುತ್ತಿತ್ತೋ ಏನೋ. ಕೇಳಲಿಲ್ಲ. ನಿನ್ನ ಮಾತು ಸುಳ್ಳಾಗಬಾರದೆಂದು, ನೀನು ಹೋದ ಮೇಲೆ ಕೂತು ಆ ದಡ ಕಟ್ಟಿದೆ. ನೀನು ಹೇಳಿದಂತೆಯೇ ಮೆಟ್ಟಿಲಿದೆ, ಮರವಿದೆ, ನೆರಳಿದೆ. ಅಲ್ಲಿಯವರೆಗೆ ಹೋಗಿ ಇಳಿದವರು ಇನ್ನೂ ಯಾರೂ ಇಲ್ಲ.