ಒಮ್ಮೆಲೇ ಬೀಳುವುದಕ್ಕೆ ಇಂಗ್ಲಿಷಿನಲ್ಲಿ

ಹುಬ್ಬಳ್ಳಿ
೯ ಆಗಸ್ಟ್ ೨೦೨೪

ಪ್ರೀತಿಯ ಮಯೂರಿ,

ಜೈಭೀಮ್. ನೀನು, ಅತುಲ, ಪುಟ್ಟಿ ಮೂವರೂ ಆರಾಮಾಗಿದ್ದೀರೆಂದು ನಂಬಿಕೊಂಡೇ ಬರೆಯಲು ಕೂತಿದ್ದೇನೆ. ನಾಲ್ಕು ವರ್ಷ ಒಂದು ಸಾಲೂ ಬರೆಯದ ಅಕ್ಕ ಈಗ್ಯಾಕೆ ಬರೆದಳು ಎಂದು ಸಿಟ್ಟು ಬಂದೀತು. ಬರಲಿ. ಹರಿದು ಒಗೆಯುವ ಮೊದಲು ಪೂರ್ತಿ ಓದು, ಅಷ್ಟೇ ಬೇಡಿಕೊಳ್ಳುತ್ತೇನೆ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀ. ಬೇರೆಯವರ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ನೀನು ಇಟ್ಟುಬಿಟ್ಟೆ. ಅದಕ್ಕೇ ನಮ್ಮ ಓಣಿಯ ದುರ್ಗೇಶನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವನು ನಿಮ್ಮ ಸೊಲ್ಲಾಪುರದ ಬಸ್ಸಿಗೆ ಕಂಡಕ್ಟರ್.

ನಾನೀಗಲೂ ಧಾರವಾಡದ ಅದೇ ಕೋಚಿಂಗ್ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಳೆದ ತಿಂಗಳು ಒಂದು ದಿನ ಸಮಾನಾರ್ಥಕ ಪದಗಳ ಪಾಠ. ಒಮ್ಮೆಲೇ ಬೀಳುವುದಕ್ಕೆ ಇಂಗ್ಲಿಷಿನಲ್ಲಿ ಏನೇನು ಅನ್ನುತ್ತಾರೆಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಪ್ಲಮೆಟ್, ಪ್ಲಂಜ್, ಸ್ಲಂಪ್, ನೋಸ್‌ಡೈವ್. ಶಿರಗುಪ್ಪಿಯಿಂದ ಬರುವ ಹುಚ್ಚಪ್ಪ ಎಂಬ ಹುಡುಗ ಎದ್ದು ನಿಂತ.

"ಮೇಡಂ, ಎಲ್ಲಾ ಬೀಳೂದ ಅಲ್ಲೇನ್ರಿ? ಅದಕ್ಕ ಇಷ್ಟ ಮಾತ ಯಾಕ ಬೇಕ್ರಿ?"

"ಎಲ್ಲಾ ಒಂದ ನಮೂನಿ ಬೀಳಂಗಿಲ್ಲಪಾ. ಈರುಳ್ಳಿ ರೇಟ್ ಬಿದ್ರ ಪ್ಲಮೆಟ್. ವಿಮಾನ ಮೂತಿ ಕೆಳಗ ಮಾಡಿ ಬಿದ್ರ ನೋಸ್‌ಡೈವ್. ಮನಷ್ಯಾ ನಿಂತಲ್ಲೇ ಕುಸದ್ರ..."

ಅಷ್ಟರಲ್ಲಿ ಯಾರದೋ ಮೊಬೈಲಿನ ಅಲಾರಾಂ ಕಿಟಾರನೆ ಕಿರುಚಿತು. ಕೊಲ್ಯಾಪ್ಸ್ ಎನ್ನಲು ಬಾಯಿ ತೆಗೆದದ್ದು ನೆನಪಿದೆ. ಮುಂದಿನದು ಗೊತ್ತಿಲ್ಲ. ನಾನು ಅಭಿನಯಿಸಿ ತೋರಿಸುತ್ತಿದ್ದೇನೆಂದು ಹುಡುಗರೆಲ್ಲ ಚಪ್ಪಾಳೆ ಹೊಡೆದರಂತೆ. ಹುಚ್ಚಪ್ಪನೊಬ್ಬ ಓಡಿಬಂದು ನನ್ನ ತಲೆ ಎತ್ತಿ ಹಿಡಿದನಂತೆ.

ಹುಬ್ಬಳ್ಳಿಯ ಡಾಕ್ಟರಮ್ಮ ಇಸಿಜಿ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. "ನಿಮ್ಮ ಮನ್ಯಾಗ ಹಿಂಗ ಒಮ್ಮೆಲೇ ಬಿದ್ದು ತೀರಿಕೊಂಡವರು ಯಾರರೆ ಅದಾರೇನ್ರಿ?" ಎಂದರು.

ಅಪ್ಪ ಎಂದೆ.

ಇದು ಎದೆಯೊಳಗಿನ ಕರೆಂಟು ತಪ್ಪುವ ರೋಗವಂತೆ, ಮಯೂರಿ. ಹುಟ್ಟುವಾಗಲೇ ಬಂದಿರುತ್ತದಂತೆ, ತಂದೆಯಿಂದ ಮಕ್ಕಳಿಗೆ ಇಳಿಯುತ್ತದಂತೆ, ಒಮ್ಮೆಲೇ ಆದ ಸದ್ದಿಗೂ ಎದೆಬಡಿತ ತಪ್ಪಬಹುದಂತೆ. ಆಗ ನಾನು ಕೇಳಿಯೇ ಬಿಟ್ಟೆ. "ಆವತ್ತ ಮನ್ಯಾಗ ಜಗಳಾ ನಡದಿತ್ರಿ. ನನ್ನ ತಂಗಿ ತಾ ಮೆಚ್ಚಿದ ಹುಡುಗನ್ನ ಲಗ್ನ ಆಗತೇನಿ ಅಂತ ಅಪ್ಪನ ಮುಂದ ಜೋರ ಮಾಡಿದ್ಲು. ಅದರಿಂದ ಆತೇನ್ರಿ?"

ಅವರು ಕನ್ನಡಕ ತೆಗೆದಿಟ್ಟರು. "ಆವತ್ತ ಆ ದನಿ ಇತ್ತು. ಇನ್ನೊಂದ ದಿವಸ ಬಾಗಲಾ ಬಡದದ್ದೂ ಸಾಕಾಗತಿತ್ತು. ಯಾರ ತಪ್ಪೂ ಅಲ್ರಿ. ಆಕಿಗೆ ಇದನ್ನ ಹೇಳ್ರಿ."

ಅದನ್ನೇ ಹೇಳುತ್ತಿದ್ದೇನೆ. ನೀನು ಅಪ್ಪನನ್ನು ಕೊಲ್ಲಲಿಲ್ಲ. ಮಣ್ಣಿಗೆ ಬಂದ ಮಂದಿಯೆಲ್ಲರ ಎದುರು ಅವ್ವ ಆಡಿದ ಮಾತು ಸುಳ್ಳು.

ಅವತ್ತು ಸಂಜೆ ಅವ್ವನಿಗೆ ಎಲ್ಲವನ್ನೂ ತಿಳಿಸಿ ಹೇಳಿದೆ. ಮೆಂತ್ಯ ಸೋಸುತ್ತಿದ್ದವಳ ಕೈ ನಿಂತಿತು. "ಹಂಗಾರ ನಾ ಆ ಕೂಸಿಗೆ ಏನಂದ್ನೆವಾ ಪೂನಮ್?" ಎಂದಳು. ಮತ್ತೆ ಅದನ್ನೇ ಕೇಳಿದಳು. ಅವತ್ತಿನಿಂದ ನಿನ್ನ ಹೆಸರು ಅವಳ ಬಾಯಿಂದ ಹೋಗಿಲ್ಲ. ಕ್ಷಮಿಸು ಎಂದು ಒತ್ತಾಯಿಸುವುದಿಲ್ಲ. ಅದು ನಿನಗೆ ಬಿಟ್ಟದ್ದು.

ಆದರೆ ಎರಡು ಕೆಲಸ ನಿನ್ನಿಂದ ಆಗಲೇಬೇಕು. ಅಪ್ಪ ಬಿದ್ದಾಗ ಕೋಣೆಯಲ್ಲಿದ್ದವಳು ನೀನೊಬ್ಬಳೇ. ಮೈ ನಡುಗಿತೇ, ಕಣ್ಣು ತಿರುಗಿಸಿದನೇ, ಮೊದಲೂ ಯಾವಾಗಲಾದರೂ ಹಾಗೆ ಬಿದ್ದದ್ದನ್ನು ನೋಡಿದ್ದೆಯಾ ಎಂದು ಡಾಕ್ಟರು ಕೇಳುತ್ತಿದ್ದಾರೆ. ಕಷ್ಟವೆಂದು ಗೊತ್ತು, ಆದರೂ ನೆನಪು ಮಾಡಿಕೊಂಡು ಹೇಳು. ಎರಡನೆಯದು, ನಿನ್ನದೂ ಪುಟ್ಟಿಯದೂ ಇಸಿಜಿ ತೆಗೆಸು. ಹಿಂದಿನದನ್ನೆಲ್ಲ ಡಾಕ್ಟರಿಗೆ ಹೇಳಿಯೇ ತೆಗೆಸು. ನಾಳೆ ಎನ್ನಬೇಡ. ನಿನ್ನ ಕಾಲು ಹಿಡಿಯುತ್ತೇನೆ, ನಾಳೆ ಎನ್ನಬೇಡ. ಮದ್ದಿದೆ, ಮಯೂರಿ. ಮೊದಲೇ ಗೊತ್ತಾದರೆ ಗುಳಿಗೆಯಲ್ಲೇ ತಡೆಯಬಹುದಂತೆ. ನಾನೂ ನುಂಗುತ್ತಿದ್ದೇನೆ.

ಅತುಲನಿಗೆ ನನ್ನ ನಮಸ್ಕಾರ ತಿಳಿಸು. ನಾನಿನ್ನೂ ಕಾಣದ ಪುಟ್ಟಿಗೆ ನನ್ನ ಮುತ್ತು. ನಿಮ್ಮ ಮೂವರ ಬಾಳು ತಣ್ಣಗಿರಲಿ.

ನಿನ್ನ ಅಕ್ಕ,
ಪೂನಮ್

ತಾ.ಕ.: ಪ್ರಬುದ್ಧನ ವಿಷಯ ಮೇಲೆ ಬರೆಯಲಿಲ್ಲ. ಬರೆದಿದ್ದರೆ ಮುಂದಿನ ಸಾಲು ಕೈಗೆ ಬರುತ್ತಿರಲಿಲ್ಲ. ಅವನಿಗೂ ಇಸಿಜಿ ಮಾಡಿಸಿರಿ ಎಂದು ಡಾಕ್ಟರು ಅವತ್ತೇ ಹೇಳಿದ್ದರು. ಶಾಲೆಯಲ್ಲಿ ಪರೀಕ್ಷೆ ನಡೆದಿತ್ತು. "ಮುಂದಿನ ವಾರ ಹೋಗೂಣು ಮಮ್ಮಿ" ಎಂದ. ನಾನೂ ಹೂಂ ಎಂದೆ. ಮೊನ್ನೆ ಮೈದಾನದಲ್ಲಿ ಓಡುತ್ತಿದ್ದವನು ಬಿದ್ದ. ಎಡವಿದ ಎಂದುಕೊಂಡು ಹುಡುಗರು ನಕ್ಕರಂತೆ. ಎದೆಬಡಿತ ಮರಳಿದೆ, ಕಣ್ಣು ತೆರೆದಿಲ್ಲ. ಈ ಪತ್ರವನ್ನು ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಬರೆದಿದ್ದೇನೆ. ಅವನ ಅಪ್ಪ ಶಶಿಕುಮಾರ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಕಿವಿಯಲ್ಲಿ ಮಾತಾಡ್ರಿ, ಕೇಳಿಸಬಹುದು ಎನ್ನುತ್ತಾರೆ ನರ್ಸುಗಳು. ಮಾತಾಡಿ ಮಾತಾಡಿ ನನ್ನ ಮಾತುಗಳು ಮುಗಿದುಹೋದವು. ಚಿಕ್ಕವನಿದ್ದಾಗ ಅವನು ನಿನ್ನ ದನಿಗೇ ಏಳುತ್ತಿದ್ದ. ಮೊದಲು ಪುಟ್ಟಿಯ ಇಸಿಜಿ ತೆಗೆಸು. ಆಮೇಲೆ ಬಾ.