ಬಿಳಿ ತೆನೆಯಲ್ಲಿ ನೇರಳೆ ಕಾಳು

ಜೂನ್ 11

ಮತ್ತೆ ಅದೇ. ಹಲಸೂರಿನಲ್ಲಿ ಮೆಟ್ರೋ, ಕೆ.ಆರ್. ಪುರದಲ್ಲಿ ಇಳಿದರೆ ಬೀಜದ ಕಂಪನಿಯ ಜೀಪು, ಹೊಸಕೋಟೆ ದಾರಿಯಲ್ಲಿ ಫಾರ್ಮು. ನಾನು ಹೋಗುವಷ್ಟರಲ್ಲಿ ಜಯಮಾಲಾ ಬಂದಾಗಿತ್ತು. ಯಾವತ್ತೂ ಬಂದಾಗಿರುತ್ತದೆ. ನಿನ್ನೆ ಬಿತ್ತಿದ ಸಾಲುಗಳ ತಲೆಗೆ ಬೋರ್ಡು ನೆಡುತ್ತಿದ್ದಳು. ‘ಸುಭದ್ರಾ’. ಹಸಿರು ಪೇಂಟು, ದುಂಡು ಅಕ್ಷರ.

ನಮ್ಮ ಕಂಪನಿಯಲ್ಲಿ ಹೊಸ ತಳಿ ಮಾಡಿದವರೇ ಅದಕ್ಕೆ ಹೆಸರಿಡುವುದು ರೂಢಿ. ದೆಹಲಿಗೆ ಹೋಗುವ ನೋಂದಣಿ ಅರ್ಜಿಯಲ್ಲಿ ತಳಿಯ ಹೆಸರಿನ ಕೆಳಗೆ ಮಾಡಿದವರ ಹೆಸರು. ಒಮ್ಮೆ ನೋಂದಣಿಯಾಯಿತೆಂದರೆ ಬೇರೆ ಯಾವ ಕಂಪನಿಯೂ ಅದರ ಬೀಜ ಮಾಡಿ ಮಾರುವಂತಿಲ್ಲ. ಇವಳು ತನ್ನ ಬಿಳಿ ಸ್ವೀಟ್ ಕಾರ್ನಿಗೆ ಅಮ್ಮನ ಹೆಸರಿಟ್ಟಿದ್ದಾಳೆ. ಸುಭದ್ರಮ್ಮ. ಶಹಾಪುರದಿಂದ ಬಂದು ಮಹದೇವಪುರದ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತವರು, ಈಗಲೂ ಅಲ್ಲೇ ಬಾಡಿಗೆ ರೂಮಿನಲ್ಲಿದ್ದಾರೆ. ಕತೆ ಚೆನ್ನಾಗಿದೆ. ನಮ್ಮ ಹೆಡ್ ಮುನಿರಾಜಪ್ಪ ಸರ್ ದೊಮ್ಮಲೂರು ಆಫೀಸಿನ ಪ್ರತಿ ಮೀಟಿಂಗಿನಲ್ಲೂ ಹೇಳುತ್ತಾರೆ.

ಹೇಳದೆ ಬಿಡುವುದು ಒಂದೇ. ಆ ಸುಭದ್ರಾಳ ತಾಯಿ ಸಾಲು, ಅಂದರೆ ಬೀಜದ ತೆನೆ ಬಿಡುವ ಮೂಲ ತಳಿ, ನನ್ನದು. ಅಷ್ಟು ತೆಳು ಸಿಪ್ಪೆಯ ಕಾಳು ಬರುವಂತೆ ವರ್ಷಗಟ್ಟಲೆ ಆರಿಸಿ ಆರಿಸಿ ಉಳಿಸಿದವಳು ನಾನು. ಅದಕ್ಕೆ ಹೆಸರಿಲ್ಲ — ಹದಿನೇಳು ಅಂತ ನಂಬರು. ಜಯಮಾಲಾ ಎಲ್ಲಿಂದಲೋ ಒಂದು ತಂದೆ ಸಾಲು ಹುಡುಕಿ ತಂದು ಪಕ್ಕದಲ್ಲಿ ನಿಲ್ಲಿಸಿದಳು. ಮಗು ಅವಳದಾಯಿತು.

ಬರೆದ ಮೇಲೆ ಸ್ವಲ್ಪ ಹಗುರ. ಮನೆಯಲ್ಲಿ ಕನ್ನಡ ಓದಲು ಬರುವವರು ಯಾರೂ ಇಲ್ಲದಿರುವುದೂ ಒಂದು ಸುಖವೇ.

ಜೂನ್ 20

ಊಟಕ್ಕೆ ಕೂತಾಗ ನಯಾಜ್ ಕೇಳಿದ, ಆ ಬಿಳಿ ಜೋಳ ಮತ್ತೆ ಯಾವಾಗ ಎಂದು. ಹೋದ ಸೀಸನ್ನಿನಲ್ಲಿ ಟ್ರಯಲ್‌ಗೆಂದು ಒಂದು ಚೀಲ ಸುಭದ್ರಾ ತೆನೆ ಅವನ ಅಂಗಡಿಗೆ ಕೊಟ್ಟಿದ್ದೆವು. ರಸೆಲ್ ಮಾರುಕಟ್ಟೆಯಲ್ಲಿ ಈಗಲೂ ಗಿರಾಕಿಗಳು ಕೇಳುತ್ತಾರಂತೆ. ನನ್ನ ನೇರಳೆ ಜೋಳವನ್ನೂ ಕೊಟ್ಟಿದ್ದೆ. ಅದನ್ನು ಏನು ಮಾಡಿದೆ ಎಂದೆ. ದಾರದಲ್ಲಿ ಪೋಣಿಸಿ ಅಂಗಡಿ ಮುಂದೆ ಶೋಗೆ ಕಟ್ಟಿದ್ದೇನೆ, ತುಂಬಾ ಚೆನ್ನಾಗಿ ಕಾಣುತ್ತದೆ ಎಂದ.

ಸ್ವಂತ ತಮ್ಮ.

ನೇರಳೆಯ ಬಣ್ಣ ಒಳ್ಳೆಯದು, ಸಿಹಿಯೂ ಇದೆ. ಸಿಪ್ಪೆ ಮಾತ್ರ ದಪ್ಪ, ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಎಂಟು ವರ್ಷದಿಂದ ಸಿಕ್ಕಿಕೊಳ್ಳುತ್ತಲೇ ಇದೆ.

ಜುಲೈ 3

ಮಳೆ. ಮೂರು ದಿನ ಫಾರ್ಮಿಗೆ ಜೀಪು ಹೋಗಲಿಲ್ಲ. ಹೋದರೆ ಸುಭದ್ರಾ ಸಾಲುಗಳು ಪೂರ್ತಿ ನೀರಿನಲ್ಲಿ. ಎಳೆ ಪೈರು ಕೊಳೆತು ಹೋಗಿದೆ. ನನ್ನ ನೇರಳೆ ಏರು ಜಾಗದಲ್ಲಿತ್ತು, ಉಳಿಯಿತು.

ಜಯಮಾಲಾ ಅಳಲಿಲ್ಲ. ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಕಾಲುವೆ ತೋಡಿಸಿದಳು. ನಾಳೆಯೇ ಮತ್ತೆ ಬಿತ್ತುತ್ತಾಳಂತೆ.

ಮನಸ್ಸಿನಲ್ಲಿ ಖುಷಿಯಾಯಿತು. ಬರೆದುಬಿಡುತ್ತೇನೆ, ಯಾರು ನೋಡುತ್ತಾರೆ. ಖುಷಿಯಾಯಿತು.

ಆಗಸ್ಟ್ 23

ಈಗ ಒಂದು ಫಜೀತಿ. ಜೋಳದ ಪರಾಗ ಗಾಳಿಯಲ್ಲಿ ಹೋಗುವಂಥದ್ದು. ಅದಕ್ಕೇ ಎರಡು ತಳಿ ಒಟ್ಟಿಗೆ ಹೂವಿಗೆ ಬರದಂತೆ ಮೂರು ವಾರ ಬಿಟ್ಟು ಬಿತ್ತುತ್ತೇವೆ. ನಾನು ಬಿಟ್ಟೇ ಬಿತ್ತಿದ್ದೆ. ಆದರೆ ಅವಳದು ಮತ್ತೆ ಬಿತ್ತಿದ್ದರಿಂದ ಎರಡೂ ಒಟ್ಟಿಗೇ ಬಂದಿವೆ. ನನ್ನ ನೇರಳೆಯ ತುದಿಯಲ್ಲಿ ಸೂಲಂಗಿ ಬಿಚ್ಚುತ್ತಿದೆ, ಅಂದರೆ ಗಂಡು ಹೂವು. ಅವಳ ತೆನೆಗಳಲ್ಲಿ ರೇಷ್ಮೆ ಎಳೆ ಹೊರಗೆ ಬಂದು ಪರಾಗಕ್ಕೆ ಕಾಯುತ್ತಿದೆ. ನನ್ನದು ಹೋಗಿ ಅಲ್ಲಿ ಬಿತ್ತೆಂದರೆ ಅವಳ ಬೀಜವೆಲ್ಲ ಬೆರಕೆ. ದೆಹಲಿಗೆ ಕಳಿಸಬೇಕಾದ ಬೀಜ ಅದು.

ಮುನಿರಾಜಪ್ಪ ಸರ್ ಒಂದೇ ಮಾತಿನಲ್ಲಿ ಮುಗಿಸಿದರು. ನೇರಳೆಯ ಸೂಲಂಗಿ ಎಲ್ಲ ಕಿತ್ತು ಹಾಕಿಸಿ. ಕಿತ್ತರೆ ಈ ವರ್ಷ ನನಗೆ ಒಂದು ಕಾಳು ಬೀಜವೂ ಇಲ್ಲ. ನಾನು ಬಾಯಿ ತೆರೆಯುವ ಮೊದಲೇ ಜಯಮಾಲಾ ಅಡ್ಡ ಬಂದಳು.

“ಕೀಳೋದು ಬ್ಯಾಡ್ರಿ ಸರ್. ಅಕ್ಕಂದು ಎಂಟ್ ವರ್ಷದ ಕೆಲಸ ಅದ. ಮುಂಜಾನೆ ಸೂಲಂಗಿಗೆ ಚೀಲ ಕಟ್ಟಿಸಿ, ಪರಾಗ ಅದರಾಗ ಹಿಡಿದು ಕೈಯಿಂದ ಹಾಕಿದ್ರ ಸಾಕು.”

ಸರ್ ಒಪ್ಪಿದರು. ನನ್ನ ಪರವಾಗಿ ಅವಳು ಮಾತಾಡಬೇಕು! ಅವಳು ಬೇಡಿಕೊಂಡಿದ್ದಕ್ಕೆ ನನ್ನ ಬೆಳೆ ಉಳಿಯಬೇಕು. ಕಿತ್ತೇ ಹಾಕಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆಗಸ್ಟ್ 27

ಜಯಮಾಲಾಳ ಅಜ್ಜಿ ತೀರಿಕೊಂಡರಂತೆ. ಅಪ್ಪ ಅಮ್ಮನನ್ನು ಕರೆದುಕೊಂಡು ಶಹಾಪುರಕ್ಕೆ ಹೊರಟಳು. ಹೋಗುವಾಗ ನನ್ನ ಕೈ ಹಿಡಿದುಕೊಂಡು, ಬರುವ ತನಕ ಸ್ವಲ್ಪ ನೋಡಿಕೊಳ್ಳಿ ಅಕ್ಕಾ ಎಂದಳು. ಹೋಗಿ ಬಾ, ಚಿಂತೆ ಮಾಡಬೇಡ ಎಂದೆ. ಮನಸಾರೆಯೇ ಹೇಳಿದೆ.

ಆಗಸ್ಟ್ 29

ಫಾರ್ಮ್. ಬೆಳಿಗ್ಗೆ.

ಬಾಲಮ್ಮ ಕಾಗದದ ಚೀಲದ ಕಟ್ಟು ಹಿಡಿದು ನೇರಳೆ ಸಾಲಿನ ಹತ್ತಿರ ನಿಂತಿದ್ದಳು. ಹೆಣ್ಣಾಳುಗಳಿಗೆಲ್ಲ ಅವಳೇ ಮೇಸ್ತ್ರಿ. ಬಿಸಿಲು ಏರಿದರೆ ಸೂಲಂಗಿ ಬಿಚ್ಚುತ್ತದೆ, ಅದಕ್ಕೆ ಮೊದಲು ಕಟ್ಟಬೇಕು. ಆ ಹೊತ್ತಿಗೇ ಮುನಿರಾಜಪ್ಪ ಸರ್ ಫೋನ್. ಸುಭದ್ರಾ ಅರ್ಜಿಗೆ ಜಯಮಾಲಾಳ ಒಳ್ಳೆಯ ಫೋಟೋ ಬೇಕಂತೆ, ಕಂಪನಿ ಪುಸ್ತಿಕೆಯ ಮುಖಪುಟಕ್ಕೂ ಅದೇ. ಅವರು ಊರಿಂದ ಬಂದ ಮೇಲೆ ನೀವೇ ಒಂದು ತೆಗೆದು ಕಳಿಸಿಬಿಡಿ ಮೆಹರುನ್ನೀಸಾ, ನಿಮ್ಮ ಫೋನಲ್ಲಿ ಚೆನ್ನಾಗಿ ಬರುತ್ತೆ, ಎಂದರು.

ಫೋನ್ ಇಟ್ಟೆ. ಮೊದಲು ಆ ಕಡೆಯ ಕಳೆ ತೆಗೆಸು ಎಂದೆ ಬಾಲಮ್ಮನಿಗೆ.

“ಚೀಲ ಕಟ್ಟೋದು ಬ್ಯಾಡ್ವಾ ಅಮ್ಮಾ?”

“ಆಮೇಲೆ ನೋಡೋಣ.”

ಒಂದು ಗಳಿಗೆ ನನ್ನ ಮುಖ ನೋಡಿದಳು. ಹೋದಳು.

ಬಿಸಿಲು ಬಂತು. ಹಳದಿ ಪುಡಿ ಹಾರುವುದು ಕಣ್ಣಿಗೇ ಕಾಣುತ್ತದೆ, ಹಿಟ್ಟಿನ ಗಿರಣಿಯಲ್ಲಿ ಕಂಡ ಹಾಗೆ. ಗಾಳಿ ಅವಳ ಸಾಲಿನ ಕಡೆಗೇ. ಅವಳ ರೇಷ್ಮೆ ಇಷ್ಟು ಹೊತ್ತಿಗೆ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಇನ್ನು ಪರಾಗ ಹಿಡಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಗಾಳಿ ನಿಂತ ಮೇಲೆ ಎಲ್ಲಕ್ಕೂ ಚೀಲ ಕಟ್ಟಿಸಿದೆ. ಜಯಮಾಲಾ ಬಂದು ನೋಡಿದರೆ ಎಲ್ಲವೂ ಅಚ್ಚುಕಟ್ಟು.

ಏನೂ ಮಾಡಲಿಲ್ಲ ನಾನು. ಅದೇ… ಏನೂ ಮಾಡಲಿಲ್ಲ.

ಸೆಪ್ಟೆಂಬರ್ 22

ಇಷ್ಟು ದಿನ ಬರೆಯಲಿಲ್ಲ.

ಇವತ್ತು ಜಯಮಾಲಾ ಒಂದು ತೆನೆಯ ಸಿಪ್ಪೆ ಬಿಡಿಸಿದಳು. ಬಿಳಿ ಕಾಳುಗಳ ನಡುವೆ ನೇರಳೆ. ಇನ್ನೊಂದು ಬಿಡಿಸಿದಳು. ಅದರಲ್ಲೂ. ಗಾಳಿ ಬೀಸಿದ ಕಡೆಯ ಸಾಲುಗಳೆಲ್ಲ ಹಾಗೇ.

ಬೇರೆ ಎಷ್ಟೋ ಬೆಳೆಯಲ್ಲಿ ಇಂಥದ್ದು ತಿಳಿಯುವುದು ಮುಂದಿನ ಸೀಸನ್ನಿಗೆ, ಬಿತ್ತಿ ನೋಡಿದ ಮೇಲೆ. ಜೋಳದಲ್ಲಿ ಹಾಗಲ್ಲ. ಬಣ್ಣದ ತಂದೆ ಯಾರು ಎಂಬುದು ಆ ತೆನೆಯ ಮೇಲೇ ಎದ್ದು ಕಾಣುತ್ತದೆ. ಟ್ರೈನಿಂಗಿಗೆ ಬಂದವರಿಗೆ ಪ್ರತಿ ವರ್ಷ ನಾನೇ ಹೇಳುವ ಪಾಠ. ಆ ಬೆಳಿಗ್ಗೆ ನನಗೆ ನೆನಪಿರಲಿಲ್ಲವೇ? ಇತ್ತು. ಹೊಟ್ಟೆಕಿಚ್ಚಿಗೆ ಪಾಠ ಬೇಕಾಗುವುದಿಲ್ಲ, ಅಷ್ಟೇ. ಇಡೀ ಫಾರ್ಮಿನಲ್ಲಿ ನೇರಳೆ ಇರುವುದು ನನ್ನದೊಂದೇ.

ಬದುವಿನ ಮೇಲೆ ಕೂತು ತೆನೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಂದೇ ಸಲ ಕೇಳಿದಳು. “ಅಕ್ಕಾ, ದಿನಾ ಕಟ್ಟಿಸಿದ್ರಿಲ್ಲಾ?”

ಕಟ್ಟಿಸಿದ್ದೆ, ಗಾಳಿಗೆ ಒಂದೆರಡು ಹರಿದಿರಬೇಕು ಎಂದೆ. ಬಾಲಮ್ಮ ಅಲ್ಲೇ ಇದ್ದಳು. ಕುಡುಗೋಲು ಎತ್ತಿಕೊಂಡು ಆ ಕಡೆ ಹೋದಳು.

ಈ ಬೀಜ ಕಳಿಸಲಾಗುವುದಿಲ್ಲ, ಸುಭದ್ರಾ ಮುಂದಿನ ಸೀಸನ್ನಿಗೆ ಎಂದರು ಮುನಿರಾಜಪ್ಪ ಸರ್.

ಸೆಪ್ಟೆಂಬರ್ 24

ಹಾಳಾದ ತೆನೆಗಳಲ್ಲಿ ಒಂದಷ್ಟನ್ನು ಜಯಮಾಲಾ ಬೇಯಿಸಿ ತಂದಿದ್ದಳು. ತಿಂದು ನೋಡಿ ಎಂದು ನನ್ನ ಕೈಗೆ ಕೊಟ್ಟಳು. ಬೇಡವೆನ್ನಲಾಗಲಿಲ್ಲ.

ನೇರಳೆ ಕಾಳು. ಸಿಹಿ. ಸಿಪ್ಪೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಕಾಳಿನ ಸಿಪ್ಪೆ ತಾಯಿಯದು, ಬಣ್ಣ ತಂದೆ ಕೊಟ್ಟದ್ದು. ಎಂಟು ವರ್ಷ ನಾನು ಹುಡುಕಿದ್ದು ನನ್ನ ಬಾಯಲ್ಲೇ ಇತ್ತು.

“ಇದನ್ನ ಕೈಯಿಂದ ಸರಿಯಾಗಿ ಸಂಕರ ಮಾಡೋಣು ಅಕ್ಕಾ. ತಾಯಿ ನಿಮ್ದು, ತಂದಿ ನಿಮ್ದು. ನನ್ನ ಕಣ್ಣಿಗೆ ಮೊದಲು ಬಿತ್ತು, ಅಷ್ಟ.”

ಇವಳಿಗೆ ಹೊಟ್ಟೆಕಿಚ್ಚೇ ಬರುವುದಿಲ್ಲವೇ? ಅದೊಂದೂ ಇಲ್ಲದೆ ಹೇಗೆ ಬದುಕುತ್ತಾರೆ ಜನ. ಆ ಇಲ್ಲದಿರುವುದನ್ನು ನೋಡಿಯೂ ನನಗೆ ಹೊಟ್ಟೆಕಿಚ್ಚು.

ಅಕ್ಟೋಬರ್ 30

ಬೇರೊಂದು ಕಂಪನಿಯವರು ಬಿಳಿ ಸ್ವೀಟ್ ಕಾರ್ನ್ ಒಂದಕ್ಕೆ ಅರ್ಜಿ ಹಾಕಿದ್ದಾರೆ. ವಿವರ ನೋಡಿದರೆ ಸುಭದ್ರಾಳ ಅವಳಿಯಂತಿದೆ. ಎತ್ತರ, ರೇಷ್ಮೆಯ ಬಣ್ಣ, ತೆನೆಯ ಆಕಾರ, ಎಲ್ಲ. ಹೊಸದು ಎನ್ನಿಸಿಕೊಳ್ಳಬೇಕಾದರೆ ಮೊದಲಿದ್ದದ್ದಕ್ಕಿಂತ ಬೇರೆಯಾಗಿರಬೇಕು. ಈಗ ಮೊದಲಿದ್ದದ್ದು ಅವರದು. ಬೆರಕೆಯಾಗದೆ ನಮ್ಮ ಬೀಜ ಒಣಗಿದ ಕೂಡಲೇ ಹೋಗಿದ್ದರೆ ನಮ್ಮದಾಗಿರುತ್ತಿತ್ತು.

ಸುಭದ್ರಾ ಫೈಲ್ ಮುಚ್ಚಿದರು. ಹಸಿರು ಪೇಂಟಿನ ಬೋರ್ಡನ್ನು ಜಯಮಾಲಾ ತಾನೇ ಕಿತ್ತು, ಒರೆಸಿ, ಬ್ಯಾಗಿಗೆ ಹಾಕಿಕೊಂಡಳು. ಮನೆಗೆ ಒಯ್ಯುತ್ತಾಳಂತೆ, ಅಮ್ಮ ನೋಡಿಯೇ ಇರಲಿಲ್ಲವಂತೆ.

ಖುಷಿ ಬರುತ್ತದೆಂದು ಕಾದೆ. ಮೆಟ್ರೋದಲ್ಲಿ ಹಲಸೂರಿನ ತನಕ ಕಾದೆ.

ಡಿಸೆಂಬರ್ 18

ಇಬ್ಬರೂ ಒಂದೇ ಸಾಲಿನಲ್ಲಿ. ಅವಳು ನೇರಳೆಯ ಪರಾಗವನ್ನು ಚೀಲದಲ್ಲಿ ಹಿಡಿದು ತರುತ್ತಾಳೆ, ನಾನು ಹದಿನೇಳರ ರೇಷ್ಮೆಯ ಮೇಲೆ ಕೊಡವಿ ಮುಚ್ಚುತ್ತೇನೆ. ಅವಳ ಕೈ ನನಗಿಂತ ಚುರುಕು. ಒಂದು ಚೀಲವನ್ನೂ ಮರೆಯುವುದಿಲ್ಲ.

ಊಟದ ಹೊತ್ತಿಗೆ ಪಕ್ಕದಲ್ಲೇ ಕೂರುತ್ತಾಳೆ. ಶೇಂಗಾ ಹಿಂಡಿ, ಅವರ ಕಡೆಯ ಚಟ್ನಿಪುಡಿ, ಬಡಿಸುತ್ತಾಳೆ. ನಾನು ಬೇಗ ಡಬ್ಬಿ ಮುಚ್ಚಿ ಏಳುತ್ತೇನೆ.

ಮೇ 21

ಹೊಸ ತೆನೆ ಬಂತು. ಅರ್ಧ ಮುತ್ತು, ಅರ್ಧ ನೇರಳೆ ಹಣ್ಣು. ಟ್ರಯಲ್ ತೆನೆ ನಯಾಜ್ ಅಂಗಡಿಯಲ್ಲಿ ಮಧ್ಯಾಹ್ನದ ಜುಹರ್ ನಮಾಜಿಗೆ ಮೊದಲೇ ಖಾಲಿ. ಈ ಸಲ ದಾರಕ್ಕೆ ಕಟ್ಟಲು ಒಂದೂ ಉಳಿಯಲಿಲ್ಲ ಎಂದು ನಗುತ್ತಾ ಹೇಳಿದ.

ಅರ್ಜಿ ನನ್ನ ಹೆಸರಿನಲ್ಲಿ. ಒಬ್ಬಳದೇ ಹೆಸರು. ತಳಿಗೆ ‘ಕಮರ್’ ಎಂದಿಟ್ಟೆ. ಅಮ್ಮಿಯ ಹೆಸರು ಕಮರುನ್ನೀಸಾ. ಜೋಳಕ್ಕೆ ನನ್ನ ಹೆಸರಾ ಎಂದು ನಕ್ಕಳು, ಆಮೇಲೆ ದುಪಟ್ಟಾದಿಂದ ಕಣ್ಣು ಒರೆಸಿಕೊಂಡಳು. ಅಷ್ಟರಲ್ಲೇ ನಮ್ಮ ಫ್ರೇಜರ್ ಟೌನಿಗೆಲ್ಲ ಗೊತ್ತಾಗಿದೆ.

ಸುಭದ್ರಮ್ಮ ಆ ಬೋರ್ಡನ್ನು ಎಲ್ಲಿ ಇಟ್ಟಿದ್ದಾರೋ.

ಜೂನ್ 9

ಕಂಪನಿ ಪುಸ್ತಿಕೆಗೆ ನನ್ನ ಫೋಟೋ ತೆಗೆದರು. ತೆಗೆದವಳು ಜಯಮಾಲಾ. ಸ್ವಲ್ಪ ನಗಿರಿ ಅಕ್ಕಾ ಎಂದಳು.

ಮುನಿರಾಜಪ್ಪ ಸರ್‌ಗೆ ಇನ್ನೊಂದೇ ಬಾಕಿ. ಈ ಸಂಕರ ಮೊದಲ ಸಲ ಹೇಗೆ ಆಯಿತು, ಯಾವ ಉದ್ದೇಶದಿಂದ ಮಾಡಿದಿರಿ, ನಿಮ್ಮ ಮಾತಿನಲ್ಲೇ ಒಂದು ಪ್ಯಾರಾ. ಗುರುವಾರ ಸಹಿ.

ಜೂನ್ 10

ಹೇಳಿಬಿಡೋಣ ಎಂದು ಹೋಗಿರಲಿಲ್ಲ. ಪ್ಯಾರಾದಲ್ಲಿ ಅವಳ ಹೆಸರೂ ಸೇರಿಸುತ್ತೇನೆ ಎನ್ನಲು ಹೋಗಿದ್ದೆ. ಅಷ್ಟಾದರೂ ಕೊಟ್ಟರೆ ನಿದ್ದೆ ಬಂದೀತು ಎಂದು. ಜಯಮಾಲಾ ಬೀಜ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ನನ್ನ ಹೆಸರು ಬ್ಯಾಡ್ರಿ. ನಾ ಊರಿಂದ ಬಂದ ದಿನಾನೇ ಬಾಲಮ್ಮ ಹೇಳಿದ್ಳು, ಅಕ್ಕಾ. ನೀವೇ ಹೇಳ್ತೀರಂತ ಕಾಯ್ದೆ.”

ಬೀಜ ಆರಿಸಿದಳು. ನಾನು ನಿಂತೇ ಇದ್ದೆ.

ಅಂದರೆ ಬದುವಿನ ಮೇಲೆ ಕೂತು ಕೇಳಿದಾಗ ಗೊತ್ತಿತ್ತು. ತೆನೆ ಬೇಯಿಸಿ ಕೊಟ್ಟಾಗ ಗೊತ್ತಿತ್ತು. ಪಕ್ಕದಲ್ಲಿ ಕೂತು ಹಿಂಡಿ ಬಡಿಸಿದಾಗ, ನಿನ್ನೆ ನಗಿರಿ ಎಂದಾಗ… ಇಷ್ಟು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಜೋಳಕ್ಕೆ ಚೀಲ ಕಟ್ಟಿದಳು. ನನ್ನಿಂದ ಒಂದು ದಿನವೂ ಆಗುತ್ತಿರಲಿಲ್ಲ. ತಳಿ ನನ್ನದಾಯಿತು, ಹೆಸರು ನನ್ನದಾಯಿತು, ಆದರೂ ಅವಳೇ ಮುಂದೆ.

ಜೂನ್ 11

ಬೆಳಿಗ್ಗೆ. ಅಮ್ಮಿ ಚಾ ಇಟ್ಟು ಹೋದಳು. ಇವತ್ತೇ ಗುರುವಾರ.

ಬರೆದು ನೋಡಿದೆ. ‘ತೆಳು ಸಿಪ್ಪೆ ಹಾಗೂ ನೇರಳೆ ಬಣ್ಣ ಒಂದೇ ತೆನೆಯಲ್ಲಿ ಬರಬೇಕೆಂಬ ಉದ್ದೇಶದಿಂದ…’ ಹೊಡೆದು ಹಾಕಿದೆ. ‘ಗಾಳಿಯಿಂದ ಆಕಸ್ಮಿಕವಾಗಿ…’ ಅದನ್ನೂ ಹೊಡೆದೆ. ಯಾರೂ ಓದಲಾರದ ಇಲ್ಲಿ ಬರೆದುಕೊಂಡು, ಅದನ್ನೇ ನೋಡಿ ಅಲ್ಲಿ ಇಳಿಸುತ್ತೇನೆ.

ಹೋದ ವರ್ಷ ಆಗಸ್ಟ್ 29ರ ಬೆಳಿಗ್ಗೆ, ಚೀಲಗಳು ಬಾಲಮ್ಮನ ಕೈಯಲ್ಲೇ ಇದ್ದರೂ, ನಾನು…