ಸರಸಳ ಉಸಿರಿನ ಅಳತೆ

ಪಲ್ಲಾವರಂ, ಮದ್ರಾಸ್
೧೪-೯-೧೯೬೧

ಮನೆಯವರಿಗೆ ಜಲಜಾಕ್ಷಿಯ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಬೊಂಬಾಯಿ ಹೋಟೆಲಿನವರು ನಡುವೆ ಕೂತುಕೊಳ್ಳಲು ಬಿಡುತ್ತಾರೋ, ಇಡೀ ದಿನ ಒಲೆ ಮುಂದೆ ನಿಲ್ಲಿಸಿಯೇ ಇಡುತ್ತಾರೋ? ನಾನು ಕಳಿಸಿದ ಎಣ್ಣೆ ಹಚ್ಚುತ್ತಿದ್ದೀರಿ ಎಂದು ಬರೆದಿರಿ. ನಾನು ನಂಬಿಲ್ಲ.

ಇಲ್ಲಿಯ ಸುದ್ದಿ ನಮ್ಮ ಸರಸಳದ್ದು. ಶಾಲೆಯ ಓಟದಲ್ಲಿ ಅವಳೇ ಮೊದಲು ಎಂದು ನಿಮಗೆ ಗೊತ್ತಲ್ಲ. ಹೋದ ತಿಂಗಳು ಹರಿದಾಸ ಎಂಬ ಡಾಕ್ಟರು ಓಡುವ ಮಕ್ಕಳನ್ನೆಲ್ಲ ಅಳೆಯಲು ಬರುತ್ತಾರೆಂದು ಶಾಲೆಯಿಂದ ಚೀಟಿ ಬಂತು. ನಿಂತ ಎತ್ತರ, ಕೂತ ಎತ್ತರ, ತೂಕ, ಎದೆಯ ಸುತ್ತಳತೆ, ಆಮೇಲೆ ಉಸಿರು. ಹದಿನೈದರ ಹುಡುಗಿಯ ಎದೆಯಳತೆ ಬರೆದುಕೊಂಡು ಗಂಡಸು ಎಂಥ ಮಾಡುತ್ತಾನೆ ಮಾರಾಯ್ರೆ? ಕೋಡಂಬಾಕ್ಕಂನ ಸಿನೆಮಾದವರು ಕಳಿಸಿದ ಜನವೋ ಏನೋ ಎಂದುಕೊಂಡೆ. ಹಿಂದಿನ ದಿನವೇ ಸರಸಳಿಗೆ ಹೇಳಿದೆ, ಗಂಡಸರ ಮುಂದೆ ಎದೆ ಉಬ್ಬಿಸಿ ನಿಲ್ಲಬೇಡ, ಮೈ ಬಿಗಿಹಿಡಿದುಕೋ ಎಂದು.

ಅಳತೆಯಾಗಿ ಮೂರು ದಿನ ಕಳೆದು ನನ್ನನ್ನೇ ಶಾಲೆಗೆ ಕರೆಸಿದರು. ಡಾಕ್ಟರು ನಮ್ಮ ಕನ್ನಡದವರೇ, ಆದರೆ ಮೂರು ತಲೆಮಾರಿನಿಂದ ಇಲ್ಲೇ ಇದ್ದು ಮಾತೆಲ್ಲ ಅರ್ಧ ತಮಿಳು. ಅವರ ಉಸಿರಳೆಯುವ ಯಂತ್ರ ಎಂದರೆ ನೀರಿನಲ್ಲಿ ಬೋರಲು ಹಾಕಿದ ಒಂದು ಪಾತ್ರೆ, ಅದಕ್ಕೊಂದು ಕೊಳವೆ. ಊದಿದಷ್ಟೂ ಪಾತ್ರೆ ಮೇಲೇಳುತ್ತದೆ. “ಈ ಉಯರಕ್ಕೆ, ಅಂದರೆ ಎತ್ತರಕ್ಕೆ, ಈ ಎದೆಗೆ ಎರಡೂವರೆ ಲೀಟರ್ ಇರಬೇಕಮ್ಮ. ಇವಳದ್ದು ಒಂದೂವರೆ. ಎಕ್ಸ್‌ರೇ ಆಗುವವರೆಗೆ ಓಡಿಸಬೇಡಿ,” ಎಂದರು. ಬೇರೆ ಯಾರದೋ ಮಗಳನ್ನು ಮುಂದೆ ತರಲು ಇವಳನ್ನು ಬಿಡಿಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅವರ ಮುಖದ ಮೇಲೆಯೇ ಹೇಳಿಬಿಟ್ಟೆ.

ಸರಸ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ನನಗೂ ಒಳಗೊಳಗೇ ಹೆದರಿಕೆ, ಎದೆಯಲ್ಲಿ ಏನಾದರೂ ಇದ್ದರೆ? ಕೊನೆಗೆ, “ನೀನು ಸರಿಯಾಗಿ ಊದಿದ್ದೀಯಾ?” ಎಂದು ಕೇಳಿದೆ. ಅವಳು ಗೋಡೆ ಕಡೆ ತಿರುಗಿ ತಮಿಳಿನಲ್ಲೇ ಉತ್ತರ ಕೊಟ್ಟಳು. ಎದೆ ಉಬ್ಬಿಸಬೇಡ ಅಂದವಳು ನೀನೇ ಅಲ್ಲವಾ ಅಮ್ಮ, ಉಬ್ಬಿಸದೆ ಊದುವುದು ಹೇಗೆ, ಎಂದು.

ಮರುದಿನ ಅವಳ ಕೈ ಹಿಡಿದುಕೊಂಡು ಹೋದೆ. ಡಾಕ್ಟರು ಕಿಟಕಿ ಕಡೆ ಮುಖ ಮಾಡಿ ಕೂತರು. ಅಳತೆ ಟೇಪು ನಾನೇ ಹಿಡಿದೆ, ನರ್ಸ್ ಜಾನಕಮ್ಮ ಬರೆದುಕೊಂಡರು. ಸರಸ ಒಮ್ಮೆ ನನ್ನ ಮುಖ ನೋಡಿದಳು. “ಉಬ್ಬಿಸು ಮಗಾ,” ಎಂದೆ. ಪಾತ್ರೆ ಎದ್ದೇ ಎದ್ದಿತು, ಎರಡೂವರೆಯನ್ನೂ ದಾಟಿತು. ಯಂತ್ರದಲ್ಲಿ ಮೋಸ ಇರಬಾರದೆಂದು ಮತ್ತೆರಡು ಸಲ ಊದಿಸಿದೆ. ಇನ್ನು ಎಕ್ಸ್‌ರೇ ಬೇಡ, ಓಡಲಿ ಎಂದರು ಡಾಕ್ಟರು. ಡಾಕ್ಟರರ ಹತ್ತಿರ ತಪ್ಪಾಯಿತು ಎನ್ನಬೇಕಿತ್ತು, ನಾಲಗೆ ಏಳಲಿಲ್ಲ. ಆದರೂ ಅಳತೆ ಬರೆದ ಆ ಪುಸ್ತಕ ಎಲ್ಲಿ ಬೀಗ ಹಾಕಿ ಇಡುತ್ತಾರೆ ಎಂದು ಕೇಳಿಯೇ ಬಂದೆ.

ಆರೋಗ್ಯ ನೋಡಿಕೊಳ್ಳಿ. ಹೋಟೆಲಿನ ನಮ್ಮೂರವರಿಗೆಲ್ಲ ನನ್ನ ನೆನಪು ತಿಳಿಸಿ.

ನಿಮ್ಮ,
ಜಲಜಾಕ್ಷಿ

ತಾ.ಕ.: ಡೆಲ್ಲಿ ಓಟಕ್ಕೆ ಸರಸಳನ್ನು ಆರಿಸಿದ್ದಾರೆ. ತಂದೆಯ ರುಜು ಬೇಕಿತ್ತು, ನಿಮ್ಮನ್ನು ಕೇಳಿದರೆ ಬೇಡ ಎನ್ನುತ್ತೀರಿ ಎಂದು ಗೊತ್ತಿತ್ತು. ನಿಮ್ಮ ಹೆಸರು ನಾನೇ ಬರೆದೆ. ಇವತ್ತು ಬೆಳಿಗ್ಗೆ ರೈಲು ಹತ್ತಿಸಿ ಬಂದಿದ್ದೇನೆ. ಬೈಯುವುದಿದ್ದರೆ ನನಗೆ ಬರೆಯಿರಿ, ಅವಳಿಗೆ ಬೇಡ.